ಚರ್ಚು ಅದಾವ, ಮನಿ ಎಲ್ಲಿ ಹೋದ್ವು?

ಪ್ರಶ್ನೆ: ಸರ್, ನಮಸ್ಕಾರ. ನಾವು ಗದಗ ಜಿಲ್ಲೆಯವರು. ಹದಿನೇಳು ವರ್ಷದಿಂದ ವಾಸ್ಕೋ ಹತ್ತಿರ ಝುವಾರಿ ನಗರದಲ್ಲಿದ್ದೇವೆ. ನಾನು ಗೌಂಡಿ ಕೆಲಸ ಮಾಡುತ್ತಾ ಬಂದವನು, ಈಗ ಸಣ್ಣ ಗುತ್ತಿಗೆ ಹಿಡಿಯುತ್ತೇನೆ. ಹೋದ ತಿಂಗಳು ಮಕ್ಕಳನ್ನು ಹಳೆ ಗೋವಾಕ್ಕೆ ಕರೆದುಕೊಂಡು ಹೋಗಿದ್ದೆ. ಇದು ಒಂದು ಕಾಲಕ್ಕೆ ಎರಡು ಲಕ್ಷ ಜನರಿದ್ದ ಪಟ್ಟಣ, ಲಿಸ್ಬನ್ನಿಗೆ ಸರಿಸಾಟಿ ಆಗಿತ್ತು ಎಂದು ಗೈಡ್ ಹೇಳಿದ. ಎಂಟನೇ ತರಗತಿಯ ಮಗಳು, ‘ಅಪ್ಪಾ, ಚರ್ಚು ಅದಾವ, ಮನಿ ಎಲ್ಲಿ ಹೋದ್ವು? ಮಂದಿ ಎಲ್ಲಿ ಹೋದ್ರು?’ ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಇನ್ನೊಂದು ಚಿಂತೆ ಹತ್ತಿದೆ. ಊರಲ್ಲಿ ನಮ್ಮ ಓಣಿಯಲ್ಲಿ ಹದಿನೆಂಟು ಮನೆ, ಹನ್ನೊಂದಕ್ಕೆ ಕೀಲಿ ಬಿದ್ದಿದೆ. ನಮ್ಮದೂ ಅದರಲ್ಲೊಂದು. ತುಂಬಿದ ಊರು ಖಾಲಿ ಆಗುವುದು ಯಾಕೆ? ನಮ್ಮೂರೂ ಹಾಳೂರು ಆಗುತ್ತದೆಯೇ?

ಉತ್ತರ: ಗೋವಾದ ಕಾಲೇಜಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದೆ. ಪ್ರತಿ ವರ್ಷ ಹುಡುಗರನ್ನು ಹಳೆ ಗೋವಾಕ್ಕೆ ಕರೆದೊಯ್ಯುತ್ತಿದ್ದೆ. ಸಂತ ಫ್ರಾನ್ಸಿಸ್ ಝೇವಿಯರರ ಬೆಳ್ಳಿ ಪೆಟ್ಟಿಗೆ ನೋಡುತ್ತಿದ್ದರು, ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು, ಬಸ್ಸು ಹತ್ತುತ್ತಿದ್ದರು. ನಿಮ್ಮ ಮಗಳು ಕೇಳಿದ ಮಾತನ್ನು ಕೇಳಿದವರು ಮೂರೋ ನಾಲ್ಕೋ ಮಂದಿ. ಆ ಹುಲ್ಲಿನ ಕೆಳಗೆ ಓಣಿಗಳಿದ್ದವು, ಪೇಟೆ ಇತ್ತು ಎಂಬುದು ಆ ಹುಡುಗಿಗೆ ಹೊಳೆದಿದೆ. ಅವಳಿಗೆ ನನ್ನ ಶಾಬಾಸ್ ಹೇಳಿ.

ನೀವು ಗೌಂಡಿ ಕೆಲಸದವರು, ಹಾಗಾಗಿ ಮನೆಗಳಿಂದಲೇ ಶುರು ಮಾಡುತ್ತೇನೆ. ಆ ಊರಿನ ಮನೆಗಳು ಚಿರೇಕಲ್ಲಿನವು. ನಮ್ಮ ಕರಾವಳಿಯಲ್ಲಿ ಜಂಬಿಟ್ಟಿಗೆ ಅಂತಾರಲ್ಲ, ಅದೇ ಕೆಂಪು ಕಲ್ಲು. ಊರು ಖಾಲಿಯಾದಾಗ ಕೊಯ್ದು ಚೌಕ ಮಾಡಿದ ಕಲ್ಲು ಲಕ್ಷಗಟ್ಟಲೆ ಬಿದ್ದಿತ್ತು. ಮಾಂಡವಿ ಹೊಳೆಯ ಕೆಳಗಡೆ ಪಣಜಿ ಏಳುತ್ತಿತ್ತು. ತಯಾರು ಕಲ್ಲು ಇರುವಾಗ ಹೊಸ ಕಲ್ಲು ಕೊಯ್ಯುವವರು ಯಾರು? ಕಲ್ಲು, ತೊಲೆ, ಬಾಗಿಲ ಚೌಕಟ್ಟು ಎಲ್ಲ ಹೊಳೆಗುಂಟ ಇಳಿದು ಪಣಜಿಗೆ ಬಂದವು. ಪೋರ್ಚುಗೀಸರ ವೈಸರಾಯ್ ಇದ್ದ ಅರಮನೆಯನ್ನೇ 19ನೇ ಶತಮಾನದ ಮೊದಲ ಭಾಗದಲ್ಲಿ ಕೆಡವಿ ಸಾಮಾನು ಸಾಗಿಸಿದರು. ಈಗ ಉಳಿದಿರುವುದು ಹೊಳೆದಂಡೆಯ ವೈಸರಾಯ್ ಕಮಾನು (ಅದೂ ಬಿದ್ದು 1954ರಲ್ಲಿ ಮತ್ತೆ ಕಟ್ಟಿದ್ದು) ಮತ್ತು ಸಂತ ಕಾಯೆತಾನ್ ಚರ್ಚಿನ ಪಕ್ಕ ಆದಿಲಶಾಹಿ ಅರಮನೆಯ ಒಂದು ಬಾಗಿಲು. ಕಪ್ಪು ಕಲ್ಲಿನ ಆ ಬಾಗಿಲ ಕೆತ್ತನೆ ನಮ್ಮ ಕಡೆಯ ಗುಡಿಬಾಗಿಲಿನ ಕೆತ್ತನೆಯಂತಿದೆ. ಮುಂದಿನ ಸಲ ಹೋದಾಗ ಮಗಳಿಗೆ ಅದನ್ನು ತೋರಿಸಿ. ಚರ್ಚುಗಳು ಉಳಿದದ್ದು ಅಲ್ಲಿ ದೀಪ ಹಚ್ಚುವವರು ಇದ್ದರು ಎಂಬ ಕಾರಣಕ್ಕೆ. ಹಚ್ಚುವವರು ಹೋದ ಚರ್ಚುಗಳು ಏನಾದವು ಎಂಬುದನ್ನು ಮುಂದೆ ಹೇಳುತ್ತೇನೆ.

ಎರಡು ಲಕ್ಷ ಎಂಬ ಲೆಕ್ಕವನ್ನು ನಾನು ಪೂರ್ತಿ ನಂಬುವವನಲ್ಲ. ಆಗ ಮನೆಮನೆಗೆ ಹೋಗಿ ತಲೆ ಎಣಿಸುವ ಜನಗಣತಿ ಇರಲಿಲ್ಲ. ಆದರೆ ಗೋವಾ ನೋಡಿದವನು ಲಿಸ್ಬನ್ ನೋಡಬೇಕಿಲ್ಲ ಎಂದು ಪೋರ್ಚುಗೀಸರೇ ಗಾದೆ ಕಟ್ಟಿಕೊಂಡಿದ್ದರು. ಅಂಥ ಊರಿನಲ್ಲಿ 1775ರ ಹೊತ್ತಿಗೆ ಉಳಿದವರು ಸುಮಾರು ಒಂದೂವರೆ ಸಾವಿರ.

ಇನ್ನು ಮಂದಿ. ನೀವು ವಾಸ್ಕೋದಿಂದ ಪಣಜಿಗೆ ಹೋಗುವ ದಾರಿಯಲ್ಲೇ ಈ ಪ್ರಶ್ನೆಯ ಅರ್ಧ ಉತ್ತರ ಇದೆ. ಸೇತುವೆಗೆ ಮುಂಚೆ ಕುಠ್ಠಾಳಿ ಬರುತ್ತದಲ್ಲ, ಹಳೆಯ ಹೆಸರು ಕುಶಸ್ಥಳಿ, ಮಂಗೇಶ ದೇವರ ಮೂಲ ಊರು ಅದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಗುಡಿಗಳನ್ನು ಕೆಡವತೊಡಗಿದಾಗ ಜನ ದೇವರನ್ನು ಹೊತ್ತು ಹೊಳೆ ದಾಟಿ, ಆಗ ಪೋರ್ಚುಗೀಸರ ಕೈಯಲ್ಲಿರದ ಫೋಂಡಾ ಸೀಮೆಗೆ ಹೋದರು. ಮಂಗೇಶ ಪ್ರಿಯೋಳಕ್ಕೆ, ಕೆಳೋಶಿಯ ಶಾಂತಾದುರ್ಗೆ ಕವಳೆಗೆ, ವೆರ್ಣೆಯ ಮ್ಹಾಳಸಾ ಮಾರ್ದೋಳಕ್ಕೆ. ದೇವರ ಹಿಂದೆ ಮನೆತನಗಳು ಹೋದವು. ಎಷ್ಟೋ ಮನೆತನಗಳು ಅಲ್ಲಿಗೂ ನಿಲ್ಲದೆ ಕಾರವಾರ, ಅಂಕೋಲಾ, ಕುಮಟಾ, ಭಟ್ಕಳ, ಮಂಗಳೂರು ಸೇರಿದವು. ಮುಂದೆ 1560ರಲ್ಲಿ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ಕಚೇರಿ ಶುರುವಾಯಿತು. ಅದರ ಭಯಕ್ಕೆ, ಕಂದಾಯದ ಹೊರೆಗೆ, ಬರಕ್ಕೆ, ಮರಾಠರ ದಾಳಿಗೆ ಬೇಸತ್ತು ಕ್ರೈಸ್ತ ಮನೆತನಗಳೂ ಅದೇ ದಾರಿ ಹಿಡಿದವು. ಮಂಗಳೂರಿನಲ್ಲಿ ಇವತ್ತು ಕೊಂಕಣಿ ಮಾತಾಡುವ ಮನೆಗಳಲ್ಲಿ ಬಹುಪಾಲು ಮನೆಗಳ ಹಿರಿಯರು ಹೀಗೆ ಗೋವಾ ಬಿಟ್ಟು ಬಂದವರೇ. ಇದೆಲ್ಲ ಸುತ್ತಲಿನ ಹಳ್ಳಿಗಳ ಕಥೆ. ಪಟ್ಟಣದೊಳಗಿನ ಅಧಿಕಾರಿ, ವ್ಯಾಪಾರಿ, ಕುಶಲಕರ್ಮಿಗಳು ಹೊಳೆಗುಂಟ ಪಾಣೆಲಿ, ರಾಯಬಂದರ, ಪಣಜಿ ಕಡೆ ಸರಿದರು.

ಸೇತುವೆ ದಾಟಿದ ಮೇಲೆ ಆಗಶಿ, ಅದರಾಚೆ ಗೋವಾ ವೆಲ್ಹಾ ಎಂಬ ಊರು. ಹಳೆ ಗೋವಾಕ್ಕಿಂತ ಹಳೆಯದು ಇದು. ನಮ್ಮ ಗೋವಾ ಕದಂಬರ ಗೋಪಕಪಟ್ಟಣ. ಇಲ್ಲಿಯ ಸರ್ಕಾರಿ ಬಸ್ಸಿನ ಮೇಲೆ ‘ಕದಂಬ’ ಎಂದು ಬರೆದಿರುತ್ತದಲ್ಲ, ಅದೇ ಮನೆತನ. ಅವರ ರಾಜಧಾನಿ ಮೊದಲು ಒಳನಾಡಿನ ಚಂದ್ರಪುರ, ಇವತ್ತಿನ ಚಾಂದೋರ. 11ನೇ ಶತಮಾನದಲ್ಲಿ ಅದನ್ನು ಝುವಾರಿ ದಂಡೆಯ ಈ ಬಂದರಿಗೆ ತಂದರು. 14ನೇ ಶತಮಾನದಲ್ಲಿ ದಿಲ್ಲಿಯ ದಂಡು ಬಂತು. ನಿಧಾನಕ್ಕೆ ಹೊಳೆಯಲ್ಲಿ ಹೂಳು ತುಂಬಿತು, ದೊಡ್ಡ ಹಡಗು ಒಳಗೆ ಬರುವುದು ಕಷ್ಟವಾಯಿತು. ವ್ಯಾಪಾರಿಗಳು ಉತ್ತರಕ್ಕೆ ಸರಿದು ಮಾಂಡವಿ ದಂಡೆಯ ಏಲಾ ಎಂಬ ಊರಿಗೆ ಹೋದರು. ಆ ಏಲಾವೇ ಮುಂದೆ ಹಳೆ ಗೋವಾ. ಚಾಂದೋರ, ಗೋಪಕಪಟ್ಟಣ, ಏಲಾ, ಪಣಜಿ: ನಾಲ್ಕು ರಾಜಧಾನಿಗಳು ಒಂದು ದಿನದ ಓಡಾಟದೊಳಗೆ ಇವೆ. ನೀವು ದಿನಾ ದಾಟುವ ಗೋವಾ ವೆಲ್ಹಾದಲ್ಲಿ ಬಸ್ಸು ಅರ್ಧ ನಿಮಿಷವೂ ನಿಲ್ಲುವುದಿಲ್ಲ.

ಈಗ ‘ಯಾಕೆ’ ಎಂಬ ಮಾತು. ಗೈಡುಗಳು ಒಂದೇ ಉತ್ತರ ಕೊಡುತ್ತಾರೆ, ರೋಗ ಬಂತು, ಜನ ಓಡಿದರು ಅಂತ. ರೋಗ ಬಂದದ್ದು ನಿಜ. ಆದರೆ ಆ ಉತ್ತರ ನನಗೆ ಒಪ್ಪಿಗೆಯಿಲ್ಲ. 1543ರಲ್ಲೂ ಹಳೆ ಗೋವಾಕ್ಕೆ ಭಯಂಕರ ಕಾಲರಾ ಬಂದಿತ್ತು. ಸತ್ತವರನ್ನು ಹೂಳಲು ಕೈ ಸಾಲದಂಥ ಸ್ಥಿತಿ. ಆದರೂ ಊರು ಮತ್ತೆ ತುಂಬಿತು, ಅದರ ಅತ್ಯಂತ ವೈಭವದ ಐವತ್ತು ವರ್ಷ ಬಂದದ್ದೇ ಆಮೇಲೆ. ಸೆ ಕೆಥೆಡ್ರಲ್ ಕಟ್ಟಲು ಶುರು ಮಾಡಿದ್ದು 1562ರಲ್ಲಿ, ಬೊಂ ಜೆಸುಸ್ 1594ರಲ್ಲಿ. ಮುಂಬಯಿ ನೋಡಿ. 1896ರಲ್ಲಿ ಅಲ್ಲಿಯ ಮಾಂಡವಿ ಬಂದರಿನ (ಹೆಸರು ಒಂದೇ, ನಮ್ಮ ಹೊಳೆಯಲ್ಲ) ಓಣಿಗಳಲ್ಲಿ ಪ್ಲೇಗ್ ಕಾಣಿಸಿಕೊಂಡಿತು, ಕೆಲವೇ ತಿಂಗಳಲ್ಲಿ ನಗರದ ಅರ್ಧಕ್ಕೆ ಹತ್ತಿರ ಜನ ಊರು ಬಿಟ್ಟರು. ಮರುವರ್ಷ ಪುಣೆಯ ಗತಿಯೂ ಅದೇ. ಎರಡೂ ತುಂಬಿಕೊಂಡವು. ಗಿರಣಿಯ ಭೋಂಗಾ ಮತ್ತೆ ಕೂಗಿತು, ಕೂಲಿ ಇತ್ತು, ಜನ ಬಂದರು. ರೋಗ, ಯುದ್ಧ, ನೆರೆ ಎಲ್ಲ ಊರಿಗೂ ಬರುತ್ತವೆ. ಅವು ಜನರನ್ನು ಹೊರಗೆ ಹಾಕುತ್ತವೆ, ಅಷ್ಟೆ. ಹೊರಗೆ ಬಿದ್ದವನಿಗೆ ವಾಪಸು ಬರಲು ಒಂದು ಕಾರಣ ಬೇಕು. ಆ ಕಾರಣ ಅಷ್ಟರೊಳಗೆ ಬೇರೆ ಕಡೆ ಹೋಗಿದ್ದರೆ ಊರು ಹಾಳು ಬೀಳುತ್ತದೆ. ಹಾಗಾಗಿ ಖಾಲಿ ಊರು ಕಂಡಾಗ, ಜನ ಹೋಗುವ ಮೊದಲು ಅಲ್ಲಿಂದ ಏನು ಹೋಗಿತ್ತು ಎಂದು ಹುಡುಕಬೇಕು.

ಹಳೆ ಗೋವಾದಿಂದ ಮೊದಲು ಹೋದದ್ದು ಕುದುರೆ.

ಈ ಸಂಗತಿ ನಮ್ಮ ಸೀಮೆಗೆ ಸೇರಿದ್ದು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ದಖನ್ನಿನ ಹವೆಗೆ ಒಳ್ಳೆಯ ಯುದ್ಧದ ಕುದುರೆ ಹುಟ್ಟುತ್ತಿರಲಿಲ್ಲ. ಅರೇಬಿಯಾ, ಪರ್ಷಿಯಾದ ಕುದುರೆ ಹೋರ್ಮುಜ್ ಬಂದರಿನಲ್ಲಿ ಹಡಗು ಹತ್ತಿ ಪಶ್ಚಿಮ ಕರಾವಳಿಗೆ ಬಂದು, ಘಟ್ಟ ಹತ್ತಿ ವಿಜಯನಗರಕ್ಕೂ ಬಿಜಾಪುರಕ್ಕೂ ಹೋಗಬೇಕಿತ್ತು. ಯಾರ ಕೈಯಲ್ಲಿ ಬಂದರು ಇದೆಯೋ ಅವರ ಕೈಯಲ್ಲಿ ಕುದುರೆ, ಕುದುರೆ ಇದ್ದವನ ಕೈಯಲ್ಲಿ ದಖನ್. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಆದಿಲಶಾಹಿಯಿಂದ ಗೋವಾ ಕಿತ್ತುಕೊಂಡದ್ದರ ಹಿಂದೆ ಈ ಲೆಕ್ಕವೂ ಇತ್ತು. ಅವನಿಗೆ ದಾರಿ ತೋರಿಸಿದವನು ಹೊನ್ನಾವರದ ತಿಮ್ಮೋಜ. ಕುದುರೆ ಹಡಗುಗಳೆಲ್ಲ ಗೋವಾಕ್ಕೇ ಬಂದು ಸುಂಕ ಕೊಡಬೇಕೆಂದು ಪೋರ್ಚುಗೀಸರು ಕಟ್ಟು ಮಾಡಿದರು. ಕೃಷ್ಣದೇವರಾಯನಂಥ ಗಿರಾಕಿ, ನಗದು ಹೊನ್ನು. ಕುದುರೆಯ ಸುಂಕ ಗೋವಾದ ಬೊಕ್ಕಸಕ್ಕೆ ದೊಡ್ಡ ಆಸರೆಯಾಯಿತು.

1565ರಲ್ಲಿ ರಕ್ಕಸತಂಗಡಿ. ಹಂಪೆ ಸುಲಿಗೆಯಾಯಿತು. ಎರಡು ವರ್ಷ ಬಿಟ್ಟು ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ ಗೋವಾದಿಂದ ಹಂಪೆಗೆ ಹೋಗಿ, ಏಳು ತಿಂಗಳು ಅಲ್ಲಿದ್ದ. ಮನೆಗಳು ಇನ್ನೂ ನಿಂತಿದ್ದವು, ಒಳಗೆ ಜನ ಇರಲಿಲ್ಲ ಎಂದು ಬರೆದಿಟ್ಟಿದ್ದಾನೆ. ಅವನು ಹೇಳಿದ ಇನ್ನೊಂದು ಸಂಗತಿಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಅಳಿದುಳಿದ ರಾಜ್ಯ ಹಿಡಿದ ತಿರುಮಲರಾಯ ಹಂಪೆಯನ್ನು ಮತ್ತೆ ತುಂಬಿಸಲು ಹೊರಟಿದ್ದ. ಕುದುರೆ ತನ್ನಿ, ಹಳೆಯದಕ್ಕೂ ಹೊಸದಕ್ಕೂ ದುಡ್ಡು ಕೊಡುತ್ತೇನೆ ಎಂದು ಗೋವಾದ ವ್ಯಾಪಾರಿಗಳಿಗೆ ಹೇಳಿಕಳಿಸಿದ. ಅವರು ನಂಬಿ ಕುದುರೆ ಹೊಡೆದುಕೊಂಡು ಘಟ್ಟ ಹತ್ತಿದರು. ಕುದುರೆ ಕೈಗೆ ಬಂದ ಮೇಲೆ ಒಂದು ಕಾಸೂ ಕೊಡದೆ ಅವರನ್ನು ವಾಪಸು ಕಳಿಸಿದ. ಅವನ ಬೊಕ್ಕಸ ಬರಿದಾಗಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಆದರೆ ಅವತ್ತು ಘಟ್ಟ ಇಳಿದ ವ್ಯಾಪಾರಿ ಮತ್ತೆ ಯಾಕೆ ಹತ್ತುತ್ತಾನೆ? ಸುಲಿಗೆಯಿಂದ ಹಂಪೆ ಚೇತರಿಸಿಕೊಳ್ಳಬಹುದಿತ್ತೇನೋ, ಉದ್ರಿಯ ನಂಬಿಕೆ ಮುರಿದ ಮೇಲೆ ಆಗಲಿಲ್ಲ. ರಾಯರು ಪೆನುಕೊಂಡೆಗೆ ಹೋದರು. ಇತ್ತ ಗೋವಾ ತನ್ನ ದೊಡ್ಡ ಗಿರಾಕಿಯನ್ನು ಕಳೆದುಕೊಂಡಿತು. ಹಂಪೆಯ ಹಾಳು, ಹಳೆ ಗೋವಾದ ಹಾಳು ಎರಡೂ ಒಂದೇ ದಾರಿಯ ಎರಡು ತುದಿ.

ಆಮೇಲಿನದು ಒಂದರ ಹಿಂದೊಂದು ಪೆಟ್ಟು. 1622ರಲ್ಲಿ ಹೋರ್ಮುಜ್ ಕೈಬಿಟ್ಟಿತು. 1630ರ ದಶಕದ ಕೊನೆಗೆ ಡಚ್ಚರು ವರ್ಷ ವರ್ಷ ಬಂದು ಮಾಂಡವಿ ಬಾಯಿಗೆ ಅಡ್ಡ ನಿಂತರು. 1641ರಲ್ಲಿ ಮಲಾಕಾ, 1663ರಲ್ಲಿ ಕೊಚ್ಚಿ ಹೋದವು. ಮುಂಬಯಿ ದ್ವೀಪಗಳನ್ನು 1661ರಲ್ಲಿ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಕೊಟ್ಟರು. ಮುಂದೆ ವ್ಯಾಪಾರ ಹೋಗಿ ಸೇರಿದ್ದೂ ಅಲ್ಲಿಗೇ. ತವೆರ್ನಿಯೆ ಎಂಬ ಫ್ರೆಂಚ್ ವಜ್ರದ ವ್ಯಾಪಾರಿ 1641ರಲ್ಲಿ ಗೋವಾಕ್ಕೆ ಬಂದಿದ್ದ, 1648ರಲ್ಲಿ ಮತ್ತೆ ಬಂದ. ಮೊದಲ ಸಲ ಸ್ಥಿತಿವಂತರಾಗಿದ್ದ ಮನೆಯವರೇ ಎರಡನೇ ಸಲ ಸಂಜೆ ಕತ್ತಲಲ್ಲಿ ಗುಟ್ಟಾಗಿ ಬೇಡಲು ಬರುತ್ತಿದ್ದರಂತೆ. ಹೆಂಗಸರು ಪಲ್ಲಕ್ಕಿಯಲ್ಲಿ ಬಂದು ಬಾಗಿಲ ಹೊರಗೇ ಉಳಿಯುತ್ತಿದ್ದರು, ಒಬ್ಬ ಹುಡುಗ ಒಳಗೆ ಬಂದು ಅವರ ಪರವಾಗಿ ಕೈ ಚಾಚುತ್ತಿದ್ದ. ಪಲ್ಲಕ್ಕಿ ಇನ್ನೂ ಇತ್ತು, ಒಲೆಯ ಮೇಲೆ ಏನೂ ಇರಲಿಲ್ಲ. ಇಳಿಯುವ ಊರಿನ ಲಕ್ಷಣ ಇದಕ್ಕಿಂತ ಸ್ಪಷ್ಟವಾಗಿ ಎಲ್ಲೂ ಓದಿಲ್ಲ ನಾನು. ಮನೆ, ಗಾಡಿ, ಮರ್ಯಾದೆ ಎಲ್ಲ ಹಾಗೇ ಕಾಣುತ್ತಿರುತ್ತವೆ, ಒಳಗೆ ಅನ್ನ ನಿಂತಿರುತ್ತದೆ.

ಆಗ ರೋಗ ಬಂತು. 1635ರಲ್ಲಿ ದೊಡ್ಡ ಸಾಂಕ್ರಾಮಿಕ, ಆಮೇಲೆ ಬಿಟ್ಟೂಬಿಡದೆ ಕಾಲರಾ, ಮಲೇರಿಯಾ. ಯಾಕೆ ಅಷ್ಟು ಎಂಬುದು ನಿಮಗೆ ಕೈಯಾರೆ ತಿಳಿಯುವ ವಿಷಯ. ನಿಮ್ಮ ಸೈಟಿನಲ್ಲೇ ಒಣ ಚಿರೇಕಲ್ಲು ಒಂದನ್ನು ಇಟ್ಟು, ಮೇಲೆ ಒಂದು ತಂಬಿಗೆ ನೀರು ನಿಧಾನವಾಗಿ ಸುರಿಯಿರಿ. ಅಂಚಿನಿಂದ ಕೆಳಗೆ ಹರಿಯುವುದಕ್ಕಿಂತ ಕಲ್ಲೇ ಕುಡಿದು ಬಿಡುವುದು ಹೆಚ್ಚು. ಸ್ವಲ್ಪ ಹೊತ್ತಿಗೆ ತಳ ಒದ್ದೆಯಾಗುತ್ತದೆ. ಆ ಊರು ನಿಂತದ್ದೇ ಅಂಥ ಕಲ್ಲಿನ ನೆಲದ ಮೇಲೆ. ಹಿತ್ತಲಲ್ಲಿ ಬಾವಿ, ಹತ್ತು ಹೆಜ್ಜೆ ಆಚೆ ಪಾಯಖಾನೆ ಗುಂಡಿ. ಹೊಲಸು ಕಲ್ಲಿನೊಳಗೇ ದಾರಿ ಮಾಡಿಕೊಂಡು ಬಾವಿಗೆ ಇಳಿಯುತ್ತಿತ್ತು. ಊರು ದಟ್ಟವಾದಷ್ಟೂ ಬಾವಿ ವಿಷವಾಯಿತು. ಪಕ್ಕದಲ್ಲಿ ಕರಮಳಿಯ ಕೆರೆ, ಜೌಗು. ಈಗ ಆ ಕೆರೆಗೆ ಚಳಿಗಾಲದಲ್ಲಿ ಹಕ್ಕಿ ನೋಡುವವರು ಬರುತ್ತಾರೆ, ಕೊಂಕಣ ರೈಲು ಅಲ್ಲೇ ನಿಲ್ಲುತ್ತದೆ. ಆಗ ಅದು ಸೊಳ್ಳೆಯ ತವರು. ದುಡ್ಡಿದ್ದ ಕಾಲದಲ್ಲಿ ಬಾಣಗಂಗೆಯ ಶುದ್ಧ ನೀರನ್ನು ಕೊಡದಲ್ಲಿ ಹೊತ್ತು ತಂದು ಮಾರುತ್ತಿದ್ದರು, ಕೊಳ್ಳುತ್ತಿದ್ದರು. ದುಡ್ಡು ಹೋದ ಮೇಲೆ ಹಿತ್ತಲ ಬಾವಿಯೇ ಗತಿ. ವ್ಯಾಪಾರ ಸತ್ತದ್ದಕ್ಕೂ ಜನ ಸತ್ತದ್ದಕ್ಕೂ ನಡುವಿನ ಕೊಂಡಿ ಆ ಒಂದು ಕೊಡ ನೀರು.

ಸರ್ಕಾರಕ್ಕೆ ಊರು ಬಿಡುವ ಮನಸ್ಸಿತ್ತು, ಬಿಟ್ಟೆ ಎನ್ನುವ ಧೈರ್ಯ ಇರಲಿಲ್ಲ. 1683ರಲ್ಲಿ ಸಂಭಾಜಿಯ ದಂಡು ಊರ ಬಾಗಿಲಿಗೆ ಬಂದು ಹೋದ ಮೇಲೆ ರಾಜಧಾನಿಯನ್ನು ನಿಮ್ಮ ಮುರಗಾವಿಗೇ ಒಯ್ಯುವ ಕೆಲಸ ಶುರುವಾಗಿತ್ತು, ಅರ್ಧಕ್ಕೆ ನಿಂತಿತು. 1695ರಲ್ಲಿ ವೈಸರಾಯ್ ತಾನು ಪಾಣೆಲಿಗೆ ಹೋದ, 1759ರಲ್ಲಿ ಪಣಜಿಗೆ. ಕಾಗದದ ಮೇಲೆ ಮಾತ್ರ ರಾಜಧಾನಿ ಇನ್ನೂ ಹಳೆಯದೇ. 1770ರ ದಶಕದಲ್ಲಿ ಲಿಸ್ಬನ್ನಿನ ಪ್ರಧಾನಿ ಪೊಂಬಾಲ್, ಹಳೆ ಪಟ್ಟಣವನ್ನು ಮತ್ತೆ ಕಟ್ಟಿ ಎಂದು ಹುಕುಂ ಕಳಿಸಿದ. ಸ್ವಲ್ಪ ದಿನ ಕೆಲಸ ನಡೆದು ಬಿದ್ದುಹೋಯಿತು. ಬಾವಿಯ ನೀರು ಅದೇ, ಬಂದರಿಗೆ ಹಡಗಿಲ್ಲ, ಗೋಡೆ ಕಟ್ಟಿ ಏನು ಮಾಡುವುದು? ಪಣಜಿ ಅಧಿಕೃತ ರಾಜಧಾನಿಯಾದದ್ದು 1843ರಲ್ಲಿ, ಅಂದರೆ ಸಾಹೇಬರು ಊರು ಬಿಟ್ಟು ನೂರೈವತ್ತು ವರ್ಷ ಆಗುತ್ತಾ ಬಂದ ಮೇಲೆ. ಊರನ್ನು ಉಳಿಸುತ್ತೇವೆ ಎನ್ನುವವರು ತಾವು ಎಲ್ಲಿ ಮನೆ ಮಾಡಿದ್ದಾರೆ ಎಂದು ನೋಡುವ ಅಭ್ಯಾಸ ನನಗೆ ಈ ಕಥೆಯಿಂದ ಬಂದದ್ದು.

ಈಗ ಆಗ ಬಿಟ್ಟ ಮಾತು, ದೀಪ ಹಚ್ಚುವವರು ಹೋದ ಚರ್ಚು. ಗುಡ್ಡದ ಮೇಲೆ ಒಂಟಿ ಗೋಪುರ ನೋಡಿರುತ್ತೀರಿ, ಸಂತ ಅಗಸ್ಟೀನರ ಚರ್ಚಿನದು, 46 ಮೀಟರ್ ಎತ್ತರ. 1602ರ ಹೊತ್ತಿಗೆ ಕಟ್ಟಿ ಮುಗಿಸಿದ ಭಾರಿ ಕಟ್ಟಡ, ಇನ್ನೂರು ವರ್ಷಕ್ಕೂ ಮೇಲೆ ಅಲುಗದೆ ನಿಂತಿತ್ತು. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಸನ್ಯಾಸಿ ಪಂಥಗಳನ್ನು ರದ್ದು ಮಾಡಿ ಮಠ ಖಾಲಿ ಮಾಡಿಸಿತು. 1842ರಲ್ಲಿ ಚಾವಣಿಯ ಕಮಾನು ಕುಸಿಯಿತು. ಇನ್ನೂರು ವರ್ಷ ನಿಂತದ್ದು ಏಳು ಮಳೆಗಾಲಕ್ಕೆ ಬಿತ್ತು. ಯಾರೂ ಕೆಡವಲಿಲ್ಲ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ, ಸಂದಿಯಲ್ಲಿ ಹುಟ್ಟಿದ ಅರಳಿ ಸಸಿ ಕೀಳುವ, ಚಾವಣಿಯ ನೀರು ಹರಿಯುವ ದೋಣಿಯಲ್ಲಿ ಕೂತ ಎಲೆ ತೆಗೆಯುವ ಒಬ್ಬ ಮನುಷ್ಯ ಇರಲಿಲ್ಲ, ಅಷ್ಟೆ. ಸಸಿಯ ಬೇರು ಸುಣ್ಣದ ಗಾರೆಯಲ್ಲಿ ಇಳಿಯುತ್ತದೆ, ಬೇರಿನ ಹಿಂದೆ ನೀರು ಇಳಿಯುತ್ತದೆ. ಉಳಿದದ್ದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆ ಚರ್ಚಿನ ಗಂಟೆ ಈಗ ಪಣಜಿಯ ಮೆಟ್ಟಿಲ ಚರ್ಚಿನಲ್ಲಿದೆ, ಇವತ್ತೂ ಬಾರಿಸುತ್ತಾರೆ.

ಇಲ್ಲಿಂದ ನಿಮ್ಮ ಓಣಿಗೆ ಬರೋಣ. ನಿಮ್ಮದು ಮಾಳಿಗೆ ಮನೆ ಇರಬೇಕು. ಮುಂಗಾರಿಗೆ ಮುಂಚೆ ಮೇಲೆ ಸವಳುಮಣ್ಣು ಹಾಕಿ ತುಳಿದು ಗಟ್ಟಿ ಮಾಡದಿದ್ದರೆ ಸೋರುತ್ತದೆ. ಒಲೆಯ ಹೊಗೆ ತಾಗದ ತೊಲೆಗೆ ಗೆದ್ದಲು ಹತ್ತುತ್ತದೆ. ಕೀಲಿ ಹಾಕಿದ ಮನೆ ಬೀಳಲು ಅಗಸ್ಟೀನರ ಚರ್ಚಿನಷ್ಟು ಸಮಯವೂ ಬೇಕಿಲ್ಲ. ಆದರೆ ಮನೆ ಬೀಳುವುದನ್ನು ಊರು ಸಾಯುವುದೆಂದು ತಿಳಿಯಬೇಡಿ. ಅದು ಕೊನೆಗೆ ಕಾಣುವ ಲಕ್ಷಣ, ಮೊದಲಿನದಲ್ಲ.

ನಮ್ಮ ಕಂದಾಯ ಇಲಾಖೆಯಲ್ಲಿ ಒಂದು ಮಾತಿದೆ, ಬೇಚರಾಕ್ ಗ್ರಾಮ. ನಕ್ಷೆಯಲ್ಲಿ ಹೆಸರಿದೆ, ಸರ್ವೆ ನಂಬರ್ ಇದೆ, ಜನ ಇಲ್ಲ. ಪರ್ಷಿಯನ್ನಿನ ‘ಬೇ ಚಿರಾಗ್’ ನಮ್ಮ ಬಾಯಲ್ಲಿ ಹಾಗಾಗಿದೆ, ದೀಪ ಇಲ್ಲದ್ದು ಎಂದರ್ಥ. ಕರ್ನಾಟಕದ ಹಲವು ತಾಲೂಕುಗಳಲ್ಲಿ ಅಂಥ ಹೆಸರುಗಳು ಸಿಗುತ್ತವೆ. ಹೊಲದ ನಡುವೆ ಒಂದು ಹನುಮಪ್ಪನ ಗುಡಿ, ಹಾಳುಬಿದ್ದ ಅಗಸಿ, ಒಂದು ಬಾವಿ ಇರುತ್ತದೆ. ಪ್ಲೇಗು, ಬರ, ದಂಡಿನ ಹಾವಳಿ ಎಂದು ಸುತ್ತಲಿನವರು ಕಾರಣ ಹೇಳುತ್ತಾರೆ. ನಾನು ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆ: ಪಕ್ಕದ ಊರಿಗೂ ಅದೇ ಪ್ಲೇಗು ಬಂದಿತ್ತಲ್ಲ, ಅದು ಯಾಕೆ ಉಳಿಯಿತು?

ನಿಮ್ಮ ಜಿಲ್ಲೆಯ ಲಕ್ಕುಂಡಿಯನ್ನೇ ತೆಗೆದುಕೊಳ್ಳಿ. ಹಳೆಯ ಲೊಕ್ಕಿಗುಂಡಿ, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಟಂಕಿಸುತ್ತಿದ್ದ ಊರು. ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು ಅಲ್ಲಿ, ಹೊಯ್ಸಳ ವೀರಬಲ್ಲಾಳ ಬೀಡು ಬಿಟ್ಟದ್ದು ಅಲ್ಲಿ. ರಾಜಕಾರಣ ಸರಿಯಿತು, ಟಂಕಸಾಲೆ ಹೋಯಿತು, ಪಟ್ಟಣ ಹೋಯಿತು. ಆದರೆ ಲಕ್ಕುಂಡಿ ಬೇಚರಾಕ್ ಆಗಲಿಲ್ಲ. ಕೆಳಗೆ ಎರೆಭೂಮಿ ಇತ್ತು, ಬಾವಿಗಳಿದ್ದವು. ಪಟ್ಟಣ ಕಳಚಿ ಬಿದ್ದಾಗ ಅದರೊಳಗಿದ್ದ ಹಳ್ಳಿ ಉಳಿಯಿತು. ಹಳೆ ಗೋವಾಕ್ಕೆ ಹಾಗೆ ಕಾಲೂರಲು ಹೊಲ ಇರಲಿಲ್ಲ, ಅದು ಪೂರ್ತಿ ಹಡಗಿನ ಮೇಲೆ ನಿಂತ ಊರು.

ಒಂದೇ ಕೆಲಸದ ಮೇಲೆ ನಿಂತ ಊರುಗಳ ಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಕೋಲಾರದ ಚಿನ್ನದ ಗಣಿ ಶುರುವಾದದ್ದು 1880ರ ಸುಮಾರಿಗೆ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ಬಂತು. 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿದರು. ಆದರೆ ಊರು ಖಾಲಿಯಾಗಲಿಲ್ಲ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮಲಗಲು ಬರುವವರು ಇವತ್ತೂ ಸಾವಿರಾರು ಮಂದಿ. ಇಲ್ಲೇ ಗೋವಾದಲ್ಲಿ ಸಾವರ್ಡೆ, ಕುಡಚಡೆ, ಡಿಚೋಲಿ ಕಡೆ 2012ರಲ್ಲಿ ಅದಿರಿನ ಗಣಿ ನಿಂತಾಗ ನಾನು ಓಡಾಡಿದ್ದೇನೆ. ಮನೆ ಮುಂದೆ ಸಾಲದ ಟಿಪ್ಪರ್ ಲಾರಿಗಳು, ಟಯರಿನ ಸುತ್ತ ಮೊಣಕಾಲುದ್ದ ಹುಲ್ಲು. ಒಂದು ಚಹಾದಂಗಡಿಯಲ್ಲಿ ಹಾವೇರಿ ಕಡೆಯ ಒಬ್ಬ ತಾಯಿ, ‘ದಿನಾ ಇನ್ನೂರು ಚಾ ಹೋಗ್ತಿತ್ರೀ, ಈಗ ಇಪ್ಪತ್ತು’ ಎಂದರು. ಮಧ್ಯೆ ಸ್ವಲ್ಪ ಶುರುವಾಗಿ, 2018ರಲ್ಲಿ ಸುಪ್ರೀಂ ಕೋರ್ಟು 88 ಲೀಸುಗಳನ್ನು ರದ್ದು ಮಾಡಿದಾಗ ಮತ್ತೆ ನಿಂತಿತು. ಕೋರ್ಟಿನ ತೀರ್ಪು ಸರಿಯೇ. ಕೆಂಪು ಧೂಳು ಅಲ್ಲಿನ ಹೊಲ, ತೊರೆಗಳನ್ನು ಮಾಡಿಟ್ಟ ಸ್ಥಿತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ತಾಯಿಯ ಇನ್ನೂರು ಚಹಾದ ಬದಲಿಗೆ ಏನು ಎಂದು ಯಾರೂ ಮುಂಚಿತವಾಗಿ ಯೋಚಿಸಿರಲಿಲ್ಲ ಎಂಬ ಸಿಟ್ಟು ನನಗೆ ಇನ್ನೂ ಇದೆ.

ನಿಮ್ಮೂರಿನ ಬಗ್ಗೆ ದೂರದಿಂದ ತೀರ್ಪು ಕೊಡಲಾರೆ. ಏನು ನೋಡಬೇಕು ಎಂದು ಹೇಳಬಲ್ಲೆ. ಕೀಲಿ ಎಣಿಸಬೇಡಿ. ಗುಳೆ ಹೋಗುವುದು ನಮ್ಮ ಸೀಮೆಗೆ ಹೊಸದಲ್ಲ. ಗುಳೆ ಹೋದವರು ಬಿತ್ತಿಗೆಗೆ, ಸುಗ್ಗಿಗೆ, ಜಾತ್ರೆಗೆ ತಿರುಗಿ ಬರುವವರೆಗೆ ಊರಿಗೆ ಜೀವ ಇರುತ್ತದೆ. ಗೋವಾದ ಹಳ್ಳಿಯವರು 19ನೇ ಶತಮಾನದಿಂದ ಮುಂಬಯಿಗೆ, ಹಡಗಿನ ಕೆಲಸಕ್ಕೆ ಹೋದರು. ಧೋಬಿ ತಲಾವ್ ಸುತ್ತ ಊರಿಗೊಂದು ‘ಕೂಡ್’ ಎಂಬ ವಸತಿ ಮಾಡಿಕೊಂಡರು. ಒಂದು ದೊಡ್ಡ ಕೋಣೆ, ಸಾಲು ಪೆಟ್ಟಿಗೆಗಳು, ಮೂಲೆಯಲ್ಲಿ ತಮ್ಮೂರ ಸಂತನ ಪೀಠ. ಊರ ಹಬ್ಬಕ್ಕೆ ರಜೆ ಹಾಕಿ ಬರುತ್ತಿದ್ದರು, ಇಗರ್ಜಿಯ, ಅಂದರೆ ಊರ ಚರ್ಚಿನ, ಬಣ್ಣಕ್ಕೆ ದುಡ್ಡು ಕಳಿಸುತ್ತಿದ್ದರು. ಆ ಹಳ್ಳಿಗಳು ತಲೆಮಾರುಗಟ್ಟಲೆ ತಾಳಿದವು. ಈಗ ಅದೇ ಹಳ್ಳಿಗಳಲ್ಲಿ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಮಾಡಿಸಿಕೊಂಡು ಇಡೀ ಸಂಸಾರವೇ ವಿದೇಶಕ್ಕೆ ಹೋಗಿ, ದೊಡ್ಡ ದೊಡ್ಡ ಮನೆಗಳಿಗೆ ಕೀಲಿ ಬಿದ್ದಿದೆ. ಅವುಗಳ ಅಂಗಳ ಗುಡಿಸುವವರು ಎಷ್ಟೋ ಕಡೆ ನಮ್ಮ ಕೊಪ್ಪಳ, ಬಾಗಲಕೋಟೆಯವರು. ಗಂಡಸು ಒಬ್ಬನೇ ಹೋಗುವುದಕ್ಕೂ ಸಂಸಾರ ಸಮೇತ ಹೋಗುವುದಕ್ಕೂ ಇರುವ ವ್ಯತ್ಯಾಸ ಇದು.

ಆದ್ದರಿಂದ ಊರಿಗೆ ಫೋನ್ ಮಾಡಿದಾಗ ಕೇಳಿ: ರಾತ್ರಿ ವಸ್ತಿ ಬಸ್ಸು ಇನ್ನೂ ಬರುತ್ತದೆಯೇ? ಶಾಲೆಯಲ್ಲಿ ಈ ವರ್ಷ ಒಂದನೇ ಇಯತ್ತೆಗೆ ಎಷ್ಟು ಮಕ್ಕಳು ಸೇರಿದರು? ಹಿಟ್ಟಿನ ಗಿರಣಿ ದಿನಾ ನಡೆಯುತ್ತದೆಯೋ, ವಾರಕ್ಕೆ ಎರಡು ದಿನವೋ? ಕಂಬಾರ, ಬಡಿಗ ಇದ್ದಾರೋ ಪೇಟೆ ಸೇರಿದರೋ? ಹೊಲ ಪಾಲಿಗೆ ಹಾಕಿದ್ದಾರೋ ಬೀಳು ಬಿಟ್ಟಿದ್ದಾರೋ? ಊರು ಬೇಚರಾಕ್ ಆಗುವ ಎಷ್ಟೋ ವರ್ಷ ಮೊದಲೇ ಈ ಉತ್ತರಗಳು ಬದಲಾಗುತ್ತವೆ. ವಸ್ತಿ ಬಸ್ಸು ನಿಂತ ಊರಿನಲ್ಲಿ ರಾತ್ರಿ ಹೆರಿಗೆ ನೋವು ಬಂದ ಹೆಣ್ಣುಮಗಳು ಮುಂದಿನ ಸಲ ಮುಂಚಿತವಾಗಿ ಪೇಟೆಗೆ ಹೋಗಿ ಕೂರುತ್ತಾಳೆ, ಆಮೇಲೆ ಅಲ್ಲೇ ಬಾಡಿಗೆ ಮನೆ ನೋಡುತ್ತಾರೆ. ಹಳೆ ಗೋವಾದ ಕೊಡ ನೀರಿನಂಥದ್ದೇ ಇದು. ನಿಮ್ಮ ಹದಿನೆಂಟು ಮನೆಯವರು ಸೇರಿ ಅರ್ಜಿ ಕೊಟ್ಟು ವಸ್ತಿ ಬಸ್ಸೊಂದನ್ನು ಉಳಿಸಿಕೊಂಡರೆ, ಗುಡಿಯ ಕಳಸಕ್ಕೆ ಕೊಡುವ ದೇಣಿಗೆಗಿಂತ ಊರಿಗೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ. ಮತ್ತೆ, ನಿಮ್ಮ ಮಾಳಿಗೆಗೆ ಈ ಮೇ ತಿಂಗಳಲ್ಲಿ ಮಣ್ಣು ಹಾಕಿಸಿ.

ಮಗಳಿಗೆ ಒಂದು ಜಾಗ ತೋರಿಸಿ. ಮೇ ತಿಂಗಳಲ್ಲಿ ಊರಿಗೆ ಹೊರಡುವ ಮುಂಚೆ ಒಂದು ದಿನ ಸಾಂಗೆ ತಾಲೂಕಿನ ಕುರ್ಡಿಗೆ ಕರೆದುಕೊಂಡು ಹೋಗಿ. ಗಾಯಕಿ ಮೋಗುಬಾಯಿ ಕುರ್ಡೀಕರ್ ಅವರ ಊರು. ಸಾಳಾವಲಿ ಅಣೆಕಟ್ಟೆಗಾಗಿ 1980ರ ದಶಕದಲ್ಲಿ ಮುಳುಗಿತು, ಜನರಿಗೆ ವಾಡೆ, ವಾಲ್ಕಿಣಿಯಲ್ಲಿ ಜಾಗ ಕೊಟ್ಟರು, ಹಳೆಯ ಮಹಾದೇವ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಬೇರೆಡೆ ಕಟ್ಟಿದರು. ವರ್ಷದ ಹೆಚ್ಚಿನ ಕಾಲ ಊರು ನೀರಿನಡಿ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಬಿರುಕು ಬಿಟ್ಟ ಕೆಸರಿನ ಮೇಲೆ ಮನೆಗಳ ಅಡಿಪಾಯ, ತುಳಸಿಕಟ್ಟೆ, ಮರದ ಬೊಡ್ಡೆಗಳು ಏಳುತ್ತವೆ. ಆಗ ಊರವರು ಬರುತ್ತಾರೆ. ಸೋಮೇಶ್ವರನ ಗುಡಿಯಲ್ಲಿ ಪೂಜೆ, ಕ್ರೈಸ್ತರಿಗೆ ತಮ್ಮ ಚಾಪೆಲಿನ ಹಬ್ಬ. ನಾನು ಹೋದ ವರ್ಷ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಚಪ್ಪಲಿ ಬಿಟ್ಟು ಒಂದು ಅಡಿಪಾಯದ ಮೇಲೆ ಹತ್ತಿದರು. ಅಡ್ಡಾಡಿ ಲೆಕ್ಕ ಹಾಕಿದರು, ಇದು ಪಡಸಾಲೆ, ಇದು ದೇವರ ಕೋಣೆ. ಆಮೇಲೆ ಮೂರು ಕಲ್ಲು ಉಳಿದಿದ್ದ ಒಂದು ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಸೊಸೆಯನ್ನು ಕರೆದು, ಇಲ್ಲಿ ಒಲೆ ಇತ್ತು, ಹೊಗೆ ಆ ಕಡೆ ಹೋಗುತ್ತಿತ್ತು ಎಂದು ಕೈ ಮಾಡಿ ತೋರಿಸಿದರು.